ಒಗ್ಗಿದ ಅಲರ್ಜಿ ಮಾತ್ರೆ ನಿಂತುಹೋದಾಗ ಬದಲಿ ಹುಡುಕುವ ಬಗೆ

ಸೀನು, ಸುರಿಯುವ ಮೂಗು, ಕಣ್ಣಿನ ತುರಿಕೆಗೆಂದು ವರ್ಷಗಟ್ಟಲೆ ಒಂದೇ ಹೆಸರಿನ ಮಾತ್ರೆಯನ್ನು ನೆಚ್ಚಿಕೊಂಡವರಿಗೆ ಔಷಧಿ ಅಂಗಡಿಯಲ್ಲಿ ಒಂದು ದಿನ ‘ಅದು ಈಗ ಬರ್ತಾ ಇಲ್ಲ’ ಎಂಬ ಉತ್ತರ ಸಿಗುತ್ತದೆ. ಅದರ ಬೆನ್ನಿಗೇ ‘ಅದೇ ಕಂಟೆಂಟ್, ಕಂಪನಿ ಬೇರೆ ಅಷ್ಟೇ’ ಎನ್ನುತ್ತಾ ಇನ್ನೊಂದು ಸ್ಟ್ರಿಪ್ ಕೌಂಟರಿನ ಮೇಲೆ ಬಂದು ಕೂರುತ್ತದೆ. ಆ ಮಾತು ಅನೇಕ ಸಲ ನಿಜ, ಕೆಲವು ಸಲ ಅರ್ಧ ನಿಜ. ಆದರೆ ಮೊದಲಿನ ಮಾತ್ರೆಯನ್ನು ಸರ್ಕಾರವೇ ನಿಷೇಧಿಸಿದ್ದ ಪಕ್ಷದಲ್ಲಿ ಅದು ನಿಜವಾಗಿದ್ದರೇ ತೊಂದರೆ, ಏಕೆಂದರೆ ಆಗ ನಿಷೇಧಿತ ಮಿಶ್ರಣವೇ ಮತ್ತೆ ಕೈಗೆ ಬಂದಂತಾಗುತ್ತದೆ. ಆದ್ದರಿಂದ ಬದಲಿಯನ್ನು ಹೆಸರಿನ ಜಾಡು ಹಿಡಿದು ಹುಡುಕುವ ಬದಲು, ಹಳೆಯ ಮಾತ್ರೆಯೊಳಗಿನ ಯಾವ ಸಾಲ್ಟ್ (ಮಾತ್ರೆಯಲ್ಲಿ ಕೆಲಸ ಮಾಡುವ ಮೂಲ ಔಷಧಕ್ಕೆ ಅಂಗಡಿಯವರ ಹೆಸರು) ನಿಮ್ಮ ಯಾವ ತೊಂದರೆಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ಬಿಡಿಸಿ ನೋಡಿಕೊಂಡು ಹುಡುಕಬೇಕು. ಹಾಗೆ ಬಿಡಿಸಿ ನೋಡಿದವರಲ್ಲಿ ಬಹಳ ಜನರಿಗೆ, ತಮಗೆ ನಿಜವಾಗಿ ಬೇಕಾಗಿದ್ದುದು ಮಾತ್ರೆಯಲ್ಲಿದ್ದ ಎರಡು ಮೂರು ಸಾಲ್ಟುಗಳ ಪೈಕಿ ಒಂದೇ ಒಂದು ಎಂಬುದು ಗೊತ್ತಾಗುತ್ತದೆ.

ಏಕೆ ನಿಂತಿತು ಎಂಬುದು ಮೊದಲು ತಿಳಿಯಲಿ

ಮಾತ್ರೆಯೊಂದು ಅಂಗಡಿಯಿಂದ ಮಾಯವಾಗಲು ಹಲವು ಕಾರಣಗಳಿರುತ್ತವೆ. ವಿತರಕರ ಬಳಿ ತಾತ್ಕಾಲಿಕವಾಗಿ ದಾಸ್ತಾನು ಮುಗಿದಿರಬಹುದು. ಲಾಭ ಸಾಲದೆಂದು ಕಂಪನಿಯೇ ಆ ಬ್ರ್ಯಾಂಡನ್ನು ಕೈಬಿಟ್ಟಿರಬಹುದು. ಹೆಸರನ್ನು ಹಾಗೆಯೇ ಉಳಿಸಿಕೊಂಡು ಒಳಗಿನ ಪಾಕವನ್ನೇ ಬದಲಾಯಿಸಿರಬಹುದು. ಈ ಮೂರರಲ್ಲಿಯೂ ಅದೇ ಸಾಲ್ಟ್, ಅದೇ ಪ್ರಮಾಣದ ಬೇರೆ ಬ್ರ್ಯಾಂಡ್ ಕೊಂಡರೆ ಕೆಲಸ ಮುಗಿಯಿತು. ನಾಲ್ಕನೆಯ ಕಾರಣ ನಿಷೇಧ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಭಾರತದಲ್ಲಿ ಶೀತ ಮತ್ತು ಅಲರ್ಜಿಯ ಮಾತ್ರೆಗಳು ನಿಂತುಹೋದ ಕಥೆಯಲ್ಲಿ ಈ ನಾಲ್ಕನೆಯ ಕಾರಣದ ಪಾಲು ದೊಡ್ಡದು. ಎರಡು ಅಥವಾ ಹೆಚ್ಚು ಔಷಧಗಳನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ ಒಂದೇ ಮಾತ್ರೆಯಾಗಿ ಮಾಡಿದ ಸಂಯೋಜನೆಗಳನ್ನು, ಬೆರೆಸಿದ್ದಕ್ಕೆ ವೈದ್ಯಕೀಯ ಸಮರ್ಥನೆಯಿಲ್ಲವೆಂಬ ಕಾರಣಕ್ಕೆ, 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ಎ ಕಲಮಿನಡಿ ಕೇಂದ್ರ ಸರ್ಕಾರ ಕಂತುಕಂತಾಗಿ ನಿಷೇಧಿಸುತ್ತಾ ಬಂದಿದೆ. 2016ರ ಮಾರ್ಚ್‌ನಲ್ಲಿ 344 ಸಂಯೋಜನೆಗಳ ಮೇಲೆ ನಿಷೇಧ ಬಂತು; ವಿಕ್ಸ್ ಆ್ಯಕ್ಷನ್ 500 ಎಕ್ಸ್‌ಟ್ರಾ ಎಂಬ, ಮನೆಮನೆಯಲ್ಲೂ ಇದ್ದ ಮಾತ್ರೆಯ ತಯಾರಿಕೆ ನಿಂತದ್ದು ಆಗಲೇ. ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ದೆಹಲಿ ಹೈಕೋರ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ಆದೇಶವನ್ನು ರದ್ದುಮಾಡಿತು, 2017ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ತಜ್ಞರ ಮರುಪರಿಶೀಲನೆಗೆ ಕಳುಹಿಸಿತು, 2018ರ ಸೆಪ್ಟೆಂಬರ್‌ನಲ್ಲಿ 328 ಸಂಯೋಜನೆಗಳು ಮತ್ತೆ ನಿಷೇಧಕ್ಕೊಳಗಾದವು. 2023ರ ಜೂನ್‌ನಲ್ಲಿ ಇನ್ನೂ 14 ಸೇರಿದವು. ಕ್ಲೋರ್‌ಫೆನಿರಮಿನ್ ಮತ್ತು ಕೊಡೀನ್ ಬೆರೆಸಿದ ಕೆಮ್ಮಿನ ಸಿರಪ್ ಅವುಗಳಲ್ಲೊಂದು. 2024ರ ಆಗಸ್ಟ್‌ನಲ್ಲಿ ಬಂದ 156ರ ಪಟ್ಟಿ ಅಲರ್ಜಿಯವರಿಗೆ ಹೆಚ್ಚು ತಟ್ಟಿತು, ಏಕೆಂದರೆ ಅದರಲ್ಲಿ ‘ಸೆಟಿರಿಜಿನ್ + ಪ್ಯಾರಸಿಟಮಾಲ್ + ಫಿನೈಲ್‌ಎಫ್ರಿನ್’ ಮತ್ತು ‘ಲೆವೊಸೆಟಿರಿಜಿನ್ + ಫಿನೈಲ್‌ಎಫ್ರಿನ್ + ಪ್ಯಾರಸಿಟಮಾಲ್’ ಎರಡೂ ಇದ್ದವು. ಹತ್ತಾರು ಬ್ರ್ಯಾಂಡುಗಳಲ್ಲಿ ಮಾರಾಟವಾಗುತ್ತಿದ್ದ ಮಿಶ್ರಣಗಳಿವು. ಇಲ್ಲಿ ನಿಷೇಧವಾದದ್ದು ಸಂಯೋಜನೆಯೇ ಹೊರತು ಯಾವುದೋ ಒಂದು ಕಂಪನಿಯ ಮಾಲಲ್ಲ. ಹಾಗಾಗಿ ‘ಅದೇ ಕಂಟೆಂಟ್, ಬೇರೆ ಕಂಪನಿ’ ಎಂದು ಕೊಟ್ಟದ್ದು ನಿಷೇಧಿತ ಮಾಲಿನ ಉಳಿಕೆಯೂ ಆಗಿರಬಹುದು.

ನಿಮ್ಮ ಮಾತ್ರೆ ಯಾವ ಕಾರಣಕ್ಕೆ ನಿಂತಿತೆಂದು ಅಂಗಡಿಯಲ್ಲಿರುವ ಫಾರ್ಮಸಿಸ್ಟರನ್ನು ನೇರವಾಗಿ ಕೇಳಿ. ಕೌಂಟರಿನಲ್ಲಿ ಬಿಲ್ ಹಾಕುವ ಹುಡುಗನಿಗೆ ಅದು ಗೊತ್ತಿರಬೇಕೆಂದೇನೂ ಇಲ್ಲ, ನೋಂದಾಯಿತ ಫಾರ್ಮಸಿಸ್ಟರಿಗೆ ಗೊತ್ತಿರಬೇಕು. ನಿಷೇಧದ ಅಧಿಸೂಚನೆಗಳು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯ ಜಾಲತಾಣದಲ್ಲಿ ಸಿಗುತ್ತವೆ. ಅವುಗಳಲ್ಲಿ ಬ್ರ್ಯಾಂಡ್ ಹೆಸರುಗಳಿರುವುದಿಲ್ಲ, ಸಾಲ್ಟುಗಳ ಹೆಸರಷ್ಟೇ ಇರುತ್ತದೆ. ಆದ್ದರಿಂದ ಅಲ್ಲಿ ಹುಡುಕುವುದಕ್ಕೂ ಮೊದಲು ಸ್ಟ್ರಿಪ್ಪನ್ನು ಓದಿಕೊಳ್ಳಬೇಕು.

ಸ್ಟ್ರಿಪ್ಪಿನ ಬೆನ್ನು

ಹಳೆಯ ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಎಸೆಯಬೇಡಿ. ಅದನ್ನು ತಿರುಗಿಸಿದರೆ ‘ಈಚ್ ಅನ್‌ಕೋಟೆಡ್ ಟ್ಯಾಬ್ಲೆಟ್ ಕಂಟೇನ್ಸ್’ ಎಂದು ಇಂಗ್ಲಿಷಿನಲ್ಲಿ ಆರಂಭವಾಗುವ ಸಣ್ಣ ಅಕ್ಷರದ ಸಾಲುಗಳಿರುತ್ತವೆ. ಅಲ್ಲಿ ಒಂದೊಂದು ಸಾಲ್ಟಿನ ಹೆಸರು, ಅದರ ಪಕ್ಕದಲ್ಲಿ ‘ಐಪಿ’ ಎಂಬ ಎರಡಕ್ಷರ, ಕೊನೆಗೆ ಮಿಲಿಗ್ರಾಂ ಲೆಕ್ಕ ಇರುತ್ತದೆ. ‘ಐಪಿ’ ಎಂದರೆ ಭಾರತೀಯ ಔಷಧಕೋಶದ ಮಾನದಂಡಕ್ಕೆ ತಕ್ಕದ್ದು ಎಂದಷ್ಟೇ ಅರ್ಥ. ನಿಮಗೆ ಬೇಕಾದದ್ದು ಹೆಸರು ಮತ್ತು ಮಿಲಿಗ್ರಾಂ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಸಾಲ್ಟಿನ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಕನಿಷ್ಠ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕು. ಆದರೆ ಮೂರು ಅಥವಾ ಹೆಚ್ಚು ಸಾಲ್ಟುಗಳ ಮಿಶ್ರಣಕ್ಕೆ ಈ ನಿಯಮದಿಂದ ವಿನಾಯಿತಿ ಇದೆ. ಯಾವ ಮಾತ್ರೆಯ ಒಳಗೇನಿದೆಯೆಂದು ತಿಳಿಯುವುದು ಅತ್ಯಂತ ಅಗತ್ಯವೋ, ಅದರ ಅಕ್ಷರಗಳೇ ಅತ್ಯಂತ ಸಣ್ಣವಾಗಿ ಉಳಿದಿರುವುದು ಹೀಗೆ. ಫೋನಿನ ಕ್ಯಾಮೆರಾದಲ್ಲಿ ಚಿತ್ರ ತೆಗೆದು ಹಿಗ್ಗಿಸಿ ಓದುವುದು ಸುಲಭ, ಮತ್ತು ಆ ಚಿತ್ರ ಮುಂದೆ ವೈದ್ಯರಿಗೆ ತೋರಿಸಲೂ ಒದಗುತ್ತದೆ.

ಬ್ರ್ಯಾಂಡ್ ಹೆಸರಿನ ಬಾಲವನ್ನು ಮಾತ್ರ ನಂಬಬೇಡಿ. ಹೆಸರಿನ ಕೊನೆಗೆ ‘ಎಲ್‌ಸಿ’ ಎಂದಿದ್ದರೆ ಸಾಮಾನ್ಯವಾಗಿ ಲೆವೊಸೆಟಿರಿಜಿನ್, ‘ಎಫ್‌ಎಕ್ಸ್’ ಎಂದಿದ್ದರೆ ಫೆಕ್ಸೊಫೆನಡಿನ್, ‘ಎಂ’ ಎಂದಿದ್ದರೆ ಮಾಂಟೆಲುಕಾಸ್ಟ್, ‘ಡಿ’ ಎಂದಿದ್ದರೆ ಮೂಗು ಬಿಡಿಸುವ ಔಷಧ ಸೇರಿದೆ ಎಂಬ ರೂಢಿಯೇನೋ ಇದೆ. ಆದರೆ ಎಲ್ಲ ಕಂಪನಿಗಳೂ ಅದನ್ನು ಒಂದೇ ರೀತಿ ಪಾಲಿಸುವುದಿಲ್ಲ. ಬಾಲವಿಲ್ಲದ ಹೆಸರನ್ನು ಕೇಳಿ ಬಾಲವಿರುವ ಸ್ಟ್ರಿಪ್ ತಂದುಕೊಂಡವರು ಬೇಡದ ಒಂದು ಔಷಧವನ್ನು ದಿನವೂ ನುಂಗುತ್ತಿರುತ್ತಾರೆ.

ಒಂದೊಂದು ಸಾಲ್ಟಿಗೂ ಒಂದೊಂದು ಪ್ರಶ್ನೆ

2024ರಲ್ಲಿ ನಿಂತ ಮಿಶ್ರಣವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಿಮ್ಮ ಸ್ಟ್ರಿಪ್ಪಿನ ಬೆನ್ನಲ್ಲಿ ಸೆಟಿರಿಜಿನ್ 5 ಮಿ.ಗ್ರಾಂ, ಪ್ಯಾರಸಿಟಮಾಲ್ 325 ಮಿ.ಗ್ರಾಂ, ಫಿನೈಲ್‌ಎಫ್ರಿನ್ 10 ಮಿ.ಗ್ರಾಂ ಎಂದಿದೆ ಎನ್ನಿ.

ಪ್ಯಾರಸಿಟಮಾಲ್ ಜ್ವರಕ್ಕೆ ಮತ್ತು ನೋವಿಗೆ. ಧೂಳು, ಪರಾಗ, ಬೂಷ್ಟಿನ ಅಲರ್ಜಿಯಲ್ಲಿ ಜ್ವರ ಬರುವುದಿಲ್ಲ; ಬಂದರೆ ಅದು ಅಲರ್ಜಿಯಲ್ಲ, ಸೋಂಕು. ಅಂದಮೇಲೆ ಬೆಳಗ್ಗೆ ಎದ್ದೊಡನೆ ಸೀನುವವರಿಗೆ, ಕಸ ಗುಡಿಸಿದಾಗಲೆಲ್ಲ ಮೂಗು ಸುರಿಯುವವರಿಗೆ, ಮಳೆ ಮುಗಿದು ಖಾಲಿ ನಿವೇಶನಗಳಲ್ಲಿ ಕಾಂಗ್ರೆಸ್ ಗಿಡ ಹೂಬಿಟ್ಟಾಗ ಕಣ್ಣು ಉಜ್ಜಿಕೊಳ್ಳುವವರಿಗೆ ಈ ಪ್ಯಾರಸಿಟಮಾಲ್ ಎಂದೂ ಬೇಕಾಗಿರಲಿಲ್ಲ. ಬೇಡದ್ದು ಒಳಗಿದ್ದರೆ ನಷ್ಟವೇನು ಎಂದು ಕೇಳಬಹುದು. ಮೈಕೈ ನೋವೆಂದು ಅದೇ ದಿನ ಡೋಲೊ 650 ನುಂಗಿದವರು, ಶೀತದ ಮಾತ್ರೆಯಲ್ಲಿಯೂ ಪ್ಯಾರಸಿಟಮಾಲ್ ಇದೆಯೆಂದು ತಿಳಿಯದೆ ಎರಡನ್ನೂ ಮೂರು ಹೊತ್ತು ಮುಂದುವರಿಸುತ್ತಾರೆ. ಆರೋಗ್ಯವಂತ ವಯಸ್ಕರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಮದ್ಯಪಾನ ಮಾಡುವವರಿಗೆ, ಯಕೃತ್ತಿನ ತೊಂದರೆಯಿರುವವರಿಗೆ ಮಿತಿ ಇನ್ನೂ ಕಡಿಮೆ.

ಫಿನೈಲ್‌ಎಫ್ರಿನ್ ಇರುವುದು ಕಟ್ಟಿದ ಮೂಗು ಬಿಡಿಸಲು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನೇಮಿಸಿದ ತಜ್ಞರ ಸಮಿತಿ, ಬಾಯಿಯ ಮೂಲಕ ತೆಗೆದುಕೊಂಡ ಫಿನೈಲ್‌ಎಫ್ರಿನ್ ಶಿಫಾರಸು ಮಾಡಿದ ಪ್ರಮಾಣದಲ್ಲಿ ಮೂಗು ಬಿಡಿಸುವುದಿಲ್ಲವೆಂದು ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಆ ಸಂಸ್ಥೆ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾವವನ್ನು ಮುಂದಿಟ್ಟಿತು. ಸುರಕ್ಷತೆಯ ಆತಂಕಕ್ಕಾಗಿ ಹಾಗೆ ಮಾಡಿದ್ದಲ್ಲ, ಪ್ರಯೋಜನವಿಲ್ಲವೆಂಬ ಕಾರಣಕ್ಕೆ. ನುಂಗಿದ ಔಷಧದ ಬಹುಪಾಲು ಕರುಳು ಮತ್ತು ಯಕೃತ್ತಿನಲ್ಲಿಯೇ ಒಡೆದು, ಮೂಗಿನವರೆಗೆ ತಲುಪುವುದು ಅಲ್ಪಸ್ವಲ್ಪ. ಆದ್ದರಿಂದ ಬದಲಿ ಹುಡುಕುವಾಗ ಫಿನೈಲ್‌ಎಫ್ರಿನ್ ಇರುವ ಮಾತ್ರೆಯೇ ಬೇಕೆಂದು ಹಟ ಹಿಡಿಯಲು ಕಾರಣ ಉಳಿದಿಲ್ಲ.

ಉಳಿದದ್ದು ಸೆಟಿರಿಜಿನ್, ಅಂಗಡಿಯ ಮಾತಿನಲ್ಲಿ ‘ಸಿಟ್ರಜಿನ್’. ಅಲರ್ಜಿಯನ್ನು ತಡೆಯುವ ಆಂಟಿಹಿಸ್ಟಮಿನ್ ಎಂಬ ಗುಂಪಿನ ಔಷಧ ಇದು. ಸೀನು, ತುರಿಕೆ, ಸುರಿಯುವ ಮೂಗಿಗೆ ಆ ಮಿಶ್ರಣದಲ್ಲಿ ನಿಮಗೆ ಗುಣ ಕೊಡುತ್ತಿದ್ದುದು ಇದೇ. ಒಂಟಿ ಸೆಟಿರಿಜಿನ್ ನಿಷೇಧವಾಗಿಲ್ಲ, ಹತ್ತಾರು ಕಂಪನಿಗಳು ತಯಾರಿಸುತ್ತವೆ, ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಇಲ್ಲಿ ಎಚ್ಚರ ವಹಿಸಬೇಕಾದ ಸೂಕ್ಷ್ಮವೊಂದಿದೆ. ಹಳೆಯ ಮಿಶ್ರಣದಲ್ಲಿ 5 ಮಿ.ಗ್ರಾಂ ಇದ್ದುದರಿಂದ ಬೆಳಗ್ಗೆ ಒಂದು, ರಾತ್ರಿ ಒಂದು ನುಂಗುವ ಅಭ್ಯಾಸವಾಗಿರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂಟಿ ಮಾತ್ರೆ 10 ಮಿ.ಗ್ರಾಂ. ವಯಸ್ಕರಿಗೆ ಇಡೀ ದಿನದ ಪ್ರಮಾಣವೇ ಅದು. ಹಳೆಯ ಅಭ್ಯಾಸದಂತೆ ಎರಡು ಹೊತ್ತು ನುಂಗಿದರೆ ಪ್ರಮಾಣ ದುಪ್ಪಟ್ಟಾಗಿ, ಹಗಲಿಡೀ ತೂಕಡಿಕೆ ಹಿಡಿಯುತ್ತದೆ, ಆಮೇಲೆ ‘ಹೊಸ ಮಾತ್ರೆ ನನಗೆ ಒಗ್ಗಲಿಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ.

ನಿಮ್ಮ ಮಾತ್ರೆಯ ಸಾಲ್ಟುಗಳು ಬೇರೆಯಿರಬಹುದು, ಆದರೂ ಬಿಡಿಸುವ ಕ್ರಮ ಇದೇ: ಈ ಸಾಲ್ಟ್ ಯಾವುದಕ್ಕೆ, ಆ ತೊಂದರೆ ನನಗೆ ಇದೆಯೇ, ಇದ್ದರೆ ಅದಕ್ಕೆ ಇದು ಕೆಲಸ ಮಾಡುತ್ತದೆಯೇ.

ಯಾವ ಆಂಟಿಹಿಸ್ಟಮಿನ್ ಯಾರಿಗೆ

ಮೊದಲು ಆಯ್ಕೆಯಿಂದ ತೆಗೆದುಹಾಕಬೇಕಾದವನ್ನು ಹೇಳುತ್ತೇನೆ. ಕ್ಲೋರ್‌ಫೆನಿರಮಿನ್ ಮತ್ತು ಅವಿಲ್ ಎಂಬ ಹೆಸರಿನಿಂದ ಪರಿಚಿತವಾದ ಫೆನಿರಮಿನ್ ಹಳೆಯ ತಲೆಮಾರಿನವು. ಅಗ್ಗವಾಗಿವೆ, ಎಲ್ಲ ಊರುಗಳಲ್ಲಿಯೂ ಸಿಗುತ್ತವೆ, ತುರಿಕೆಗೆ ಕೆಲಸವನ್ನೂ ಮಾಡುತ್ತವೆ. ಆದರೆ ಮಿದುಳಿನೊಳಕ್ಕೆ ಸುಲಭವಾಗಿ ಹೋಗುವುದರಿಂದ ನಿದ್ದೆ ತರಿಸುತ್ತವೆ. ಜೊತೆಗೆ ಬಾಯಿ ಒಣಗುವುದು, ಮಲಬದ್ಧತೆ, ವಯಸ್ಸಾದ ಗಂಡಸರಲ್ಲಿ ಮೂತ್ರ ಕಟ್ಟುವುದು, ಮುದುಕರಲ್ಲಿ ತಲೆಸುತ್ತಿ ಬೀಳುವುದು, ಕೆಲವು ಬಗೆಯ ಗ್ಲಾಕೋಮಾ ಇರುವವರಲ್ಲಿ ಕಣ್ಣಿನ ಒತ್ತಡ ಏರುವುದು ಇವೆಲ್ಲ ಸೇರಿಕೊಳ್ಳುತ್ತವೆ. ದಿನವೂ ನುಂಗಬೇಕಾದ ಅಲರ್ಜಿಗೆ ಇವನ್ನು ಬದಲಿಯೆಂದು ಆರಿಸುವುದು ನನ್ನ ಅಭಿಪ್ರಾಯದಲ್ಲಿ ಹಿಮ್ಮುಖ ಹೆಜ್ಜೆ. ‘ರಾತ್ರಿ ಚೆನ್ನಾಗಿ ನಿದ್ದೆ ಬರುತ್ತೆ’ ಎಂದು ಅವಿಲ್ ಇಷ್ಟಪಡುವವರಿದ್ದಾರೆ. ಆ ಮಂಪರು ಮರುದಿನ ಬೆಳಗ್ಗೆ ಬೈಕಿನ ಮೇಲೆಯೂ ಇರುತ್ತದೆ.

ಎರಡನೆಯ ತಲೆಮಾರಿನವು ನಾಲ್ಕೈದು. ಸೆಟಿರಿಜಿನ್ 10 ಮಿ.ಗ್ರಾಂ ಬೇಗ ಕೆಲಸ ಆರಂಭಿಸುತ್ತದೆ, ಕೆಲವರಿಗೆ ತೂಕಡಿಕೆ ತರುತ್ತದೆ. ಲೆವೊಸೆಟಿರಿಜಿನ್ ಎಂಬುದು ಸೆಟಿರಿಜಿನ್ನಿನ ಎರಡು ಅರ್ಧಗಳಲ್ಲಿ ಕೆಲಸ ಮಾಡುವ ಅರ್ಧ. ಆದ್ದರಿಂದಲೇ ಲೆವೊಸೆಟಿರಿಜಿನ್ 5 ಮಿ.ಗ್ರಾಂ, ಸೆಟಿರಿಜಿನ್ 10 ಮಿ.ಗ್ರಾಂಗೆ ಹೆಚ್ಚು ಕಡಿಮೆ ಸಮ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದಕ್ಕೆ ಅರ್ಥವಿಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ಎರಡರ ಪ್ರಮಾಣವನ್ನೂ ವೈದ್ಯರು ಇಳಿಸಬೇಕಾಗುತ್ತದೆ. ಲೊರಾಟಡಿನ್ 10 ಮಿ.ಗ್ರಾಂ ನಿದ್ದೆ ತರಿಸುವುದು ಕಡಿಮೆ. ಬಸ್, ಲಾರಿ, ಆಟೊ ಓಡಿಸುವವರಿಗೆ, ಯಂತ್ರದ ಮುಂದೆ ಕೆಲಸ ಮಾಡುವವರಿಗೆ, ಪರೀಕ್ಷೆಗೆ ಓದುವವರಿಗೆ ಅಲ್ಲೆಗ್ರಾ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಫೆಕ್ಸೊಫೆನಡಿನ್ ಹೆಚ್ಚು ಸೂಕ್ತ. ಮೂಗಿನ ಅಲರ್ಜಿಗೆ 120 ಮಿ.ಗ್ರಾಂ, ಪಿತ್ತದ ಗಂಧೆಗೆ 180 ಮಿ.ಗ್ರಾಂ ವಾಡಿಕೆ. ಇದನ್ನು ನೀರಿನಲ್ಲಿಯೇ ನುಂಗಬೇಕು. ಕಿತ್ತಳೆ, ಸೇಬಿನ ರಸದ ಜೊತೆ ತೆಗೆದುಕೊಂಡರೆ ಮೈಗೆ ಸೇರುವ ಪ್ರಮಾಣ ಗಣನೀಯವಾಗಿ ಇಳಿಯುತ್ತದೆ. ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುವ ಆ್ಯಸಿಡಿಟಿ ಔಷಧಗಳೂ ಹಾಗೆಯೇ ಮಾಡುತ್ತವೆ. ಬಿಲಾಸ್ಟಿನ್ 20 ಮಿ.ಗ್ರಾಂ ಕೂಡ ನಿದ್ದೆ ತರಿಸುವುದು ಕಡಿಮೆ, ಆದರೆ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆಯ ನಂತರ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಹೊಸ ಮಾತ್ರೆ ‘ಹಿಡಿಯಲಿಲ್ಲ’ ಎನ್ನುವವರು ಎಷ್ಟೋ ಸಲ ಅದನ್ನು ತಿಂಡಿ ಮತ್ತು ಜ್ಯೂಸಿನ ಜೊತೆಗೇ ನುಂಗಿರುತ್ತಾರೆ.

ನಿಂತುಹೋದ ಔಷಧದ ಒಳಗೇ ಅದರ ಬದಲಿ ಅಡಗಿದ್ದ ಪ್ರಸಂಗವೊಂದು ಈ ಫೆಕ್ಸೊಫೆನಡಿನ್ನಿನದೇ. ನಿದ್ದೆ ತರಿಸದ ಅಲರ್ಜಿ ಮಾತ್ರೆಯೆಂದು ಟರ್ಫೆನಡಿನ್ ಎಂಬುದು ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. ಎರಿಥ್ರೊಮೈಸಿನ್, ಕೀಟೊಕೊನಜೋಲ್‌ನಂತಹ ಔಷಧಗಳ ಜೊತೆ ಬಿದ್ದಾಗ ಅದು ಯಕೃತ್ತಿನಲ್ಲಿ ಒಡೆಯದೆ ರಕ್ತದಲ್ಲಿ ಏರಿ, ಹೃದಯದ ಬಡಿತದ ಲಯವನ್ನೇ ಕೆಡಿಸುತ್ತಿತ್ತು. ಸಾಮಾನ್ಯವಾಗಿ ಯಕೃತ್ತು ಟರ್ಫೆನಡಿನ್ನನ್ನು ಬದಲಾಯಿಸಿ ಮಾಡುತ್ತಿದ್ದ ವಸ್ತುವೇ ಅಲರ್ಜಿಗೆ ಕೆಲಸ ಮಾಡುತ್ತಿತ್ತು, ಮತ್ತು ಅದಕ್ಕೆ ಹೃದಯದ ಆ ದೋಷವಿರಲಿಲ್ಲ. ಆ ವಸ್ತುವೇ ಫೆಕ್ಸೊಫೆನಡಿನ್. 1996ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, 1998ರ ಹೊತ್ತಿಗೆ ಟರ್ಫೆನಡಿನ್ ಅಲ್ಲಿನ ಮಾರುಕಟ್ಟೆಯಿಂದ ಹೊರಬಿತ್ತು.

ಮೂಗು ಕಟ್ಟುವುದೇ ಮುಖ್ಯ ತೊಂದರೆಯಾಗಿದ್ದರೆ

ಆಂಟಿಹಿಸ್ಟಮಿನ್ ಮಾತ್ರೆಗಳು ಸೀನು ಮತ್ತು ತುರಿಕೆಯ ಮಟ್ಟಿಗೆ ಚುರುಕು, ಕಟ್ಟಿದ ಮೂಗಿನ ಮಟ್ಟಿಗೆ ಮಂದ. ರಾತ್ರಿ ಬಾಯಿ ತೆರೆದು ಮಲಗುವಷ್ಟು ಮೂಗು ಕಟ್ಟುವವರು ಮಾತ್ರೆಯ ಮೇಲೆ ಮಾತ್ರೆ ಬದಲಿಸುವುದನ್ನು ಬಿಟ್ಟು, ಫ್ಲೂಟಿಕಸೋನ್ ಅಥವಾ ಮೊಮೆಟಸೋನ್ ಇರುವ ಮೂಗಿನ ಸ್ಪ್ರೇ ಬಗ್ಗೆ ವೈದ್ಯರನ್ನು ಕೇಳಬೇಕು. ದೀರ್ಘಕಾಲದ ಮೂಗಿನ ಅಲರ್ಜಿಗೆ ಮಾತ್ರೆಗಿಂತ ಇದು ಹೆಚ್ಚು ಪರಿಣಾಮಕಾರಿ. ಇದು ಸ್ಟೀರಾಯ್ಡ್ ಎಂದು ಹೆದರುವವರಿದ್ದಾರೆ. ಮೂಗಿನಲ್ಲಿ ಸಿಂಪಡಿಸುವ ಈ ಪ್ರಮಾಣದಲ್ಲಿ ಮೈಗೆ ಸೇರುವುದು ಅತ್ಯಲ್ಪ. ಆದರೆ ಇಂದು ಹೊಡೆದು ಇಂದೇ ಗುಣ ಕಾಣುವ ಔಷಧವಲ್ಲ ಇದು. ದಿನವೂ ಬಳಸಿದರೆ ಪೂರ್ಣ ಫಲ ಕಾಣಲು ಒಂದೆರಡು ವಾರ ಬೇಕು. ಬಳಸುವಾಗ ತಲೆಯನ್ನು ಹಿಂದಕ್ಕೆ ಎತ್ತದೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಲ ಹೊಳ್ಳೆಗೆ ಎಡಗೈಯಿಂದ, ಎಡ ಹೊಳ್ಳೆಗೆ ಬಲಗೈಯಿಂದ ಹಿಡಿದು, ತುದಿಯನ್ನು ಮೂಗಿನ ನಡುಗೋಡೆಯತ್ತ ತಿರುಗಿಸದೆ ಅದೇ ಬದಿಯ ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು, ಮೆಲ್ಲಗೆ ಉಸಿರೆಳೆಯಬೇಕು. ಜೋರಾಗಿ ಸೆಳೆದರೆ ಔಷಧ ಗಂಟಲಿಗೆ ಇಳಿದು ವ್ಯರ್ಥ. ನಡುಗೋಡೆಗೆ ಬಡಿದರೆ ಉರಿ, ಕೆಲವೊಮ್ಮೆ ರಕ್ತ.

ಒಟ್ರಿವಿನ್, ನೇಸಿವಿಯಾನ್ ಬಗೆಯ ಡ್ರಾಪ್ಸ್ ಬೇರೆ ಜಾತಿಗೆ ಸೇರಿದವು. ಇವು ನಿಮಿಷಗಳಲ್ಲಿ ಮೂಗು ಬಿಡಿಸುತ್ತವೆ, ಆದರೆ ಮೂರರಿಂದ ಐದು ದಿನ ಮೀರಿ ಬಳಸಿದರೆ ಔಷಧ ಇಳಿದೊಡನೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಆಮೇಲೆ ಡ್ರಾಪ್ಸ್ ಇಲ್ಲದೆ ಮಲಗಲಾಗದ ಸ್ಥಿತಿ. ಸೂಡೊಎಫೆಡ್ರಿನ್ ಇರುವ ಮಾತ್ರೆಗಳು ಮೂಗು ಬಿಡಿಸುವುದು ನಿಜ, ಆದರೆ ಬಿ.ಪಿ. ಮತ್ತು ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಉಪ್ಪುನೀರಿನಿಂದ ಮೂಗು ತೊಳೆಯುವುದು, ಅಂದರೆ ಜಲನೇತಿ, ಒಳ್ಳೆಯ ಜೊತೆ; ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಬೇಕು, ನಲ್ಲಿಯಿಂದ ನೇರ ಹಿಡಿದದ್ದಲ್ಲ. ಕಣ್ಣಿನ ತುರಿಕೆಯೊಂದೇ ಇದ್ದರೆ ಓಲೊಪಟಡಿನ್ ಅಥವಾ ಕೀಟೊಟಿಫೆನ್ ಕಣ್ಣಿನ ಹನಿ ಸಾಕಾಗಬಹುದು.

ಅಂಗಡಿಯಲ್ಲಿ ಏನು ಕೇಳಬೇಕು, ಏನನ್ನು ಬೇಡವೆನ್ನಬೇಕು

ಅಂಗಡಿಗೆ ಹೋಗಿ ‘ಅಲರ್ಜಿಗೆ ಏನಾದ್ರೂ ಕೊಡಿ’ ಎಂದರೆ ಮಾಂಟೆಲುಕಾಸ್ಟ್ ಮತ್ತು ಲೆವೊಸೆಟಿರಿಜಿನ್ ಕೂಡಿದ ಮಾತ್ರೆಯನ್ನು ಮುಂದಿಡುವುದು ಈಗ ಸಾಮಾನ್ಯ. ಆಸ್ತಮಾ ಇರುವವರಿಗೆ, ಬೇರೆ ಔಷಧ ಸಾಲದವರಿಗೆ ವೈದ್ಯರು ಬರೆಯುವ ಮಾತ್ರೆ ಅದು, ಕೌಂಟರಿನ ಮೇಲಿನ ಬದಲಿಯಲ್ಲ. ಮಾಂಟೆಲುಕಾಸ್ಟ್‌ನಿಂದ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಆಲೋಚನೆಯಂತಹ ಮಾನಸಿಕ ಪರಿಣಾಮಗಳಾಗಬಹುದೆಂದು ಎಫ್‌ಡಿಎ 2020ರಲ್ಲಿ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಸೌಮ್ಯ ಮೂಗಿನ ಅಲರ್ಜಿಗೆ ಬೇರೆ ಔಷಧಗಳೇ ಮೊದಲಾಗಲಿ ಎಂದಿತು. ಸೆಟಿರಿಜಿನ್ ಒಂದರಲ್ಲೇ ಸುಖವಾಗಿದ್ದವರಿಗೆ ಇದರ ಅಗತ್ಯವಿಲ್ಲ.

ಇದಕ್ಕಿಂತ ಕೆಟ್ಟದ್ದು, ಕಾಗದದ ಪೊಟ್ಟಣದಲ್ಲಿ ಬಿಡಿಮಾತ್ರೆಗಳನ್ನು ಸುತ್ತಿ ‘ಇದು ಪವರ್ ಜಾಸ್ತಿ, ಎರಡೇ ದಿನಕ್ಕೆ ಕಮ್ಮಿ ಆಗುತ್ತೆ’ ಎಂದು ಕೊಡುವುದು. ಅದರಲ್ಲಿ ಬೀಟಾಮೆಥಸೋನ್, ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಇದ್ದರೆ ಎರಡೇ ದಿನಕ್ಕೆ ಕಡಿಮೆಯಾಗುವುದೇನೋ ಖಂಡಿತ. ಅದೇ ಅಭ್ಯಾಸವಾದರೆ ಸಕ್ಕರೆ ಏರುವುದು, ಬಿ.ಪಿ. ಏರುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಬರುವುದು, ಸೋಂಕಿಗೆ ಮೈ ಸಡಿಲವಾಗುವುದು ಕೂಡ ಅಷ್ಟೇ ಖಂಡಿತ. ಹೆಸರು ಕಾಣದ ಮಾತ್ರೆ ಯಾವುದನ್ನೂ ತೆಗೆದುಕೊಳ್ಳಬೇಡಿ. ಸ್ಟ್ರಿಪ್ ಕತ್ತರಿಸಿ ಕೊಡುವಾಗಲೂ ಸಾಲ್ಟಿನ ಹೆಸರು ಮತ್ತು ಅವಧಿ ಮುಗಿಯುವ ದಿನಾಂಕವಿರುವ ತುಂಡನ್ನೇ ಕೇಳಿ ಪಡೆಯಿರಿ, ಬಿಲ್ ಹಾಕಿಸಿ.

ಆದ್ದರಿಂದ ಹೋಗುವಾಗಲೇ ಸಾಲ್ಟಿನ ಹೆಸರು, ಮಿಲಿಗ್ರಾಂ ಎರಡನ್ನೂ ಬರೆದುಕೊಂಡು ಹೋಗಿ, ‘ಸೆಟಿರಿಜಿನ್ 10, ಬೇರೇನೂ ಸೇರಿರಬಾರದು’ ಎಂದು ಕೇಳಿ. ಈಗಾಗಲೇ ನುಂಗುತ್ತಿರುವ ಬಿ.ಪಿ., ಸಕ್ಕರೆ, ಥೈರಾಯ್ಡ್, ನಿದ್ದೆ, ಮನೋರೋಗದ ಮಾತ್ರೆಗಳ ಹೆಸರನ್ನು ತಿಳಿಸಿ. ಬೆಲೆ ಹೋಲಿಸಲು ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರದ ‘ಫಾರ್ಮಾ ಸಹಿ ದಾಮ್’ ಆ್ಯಪ್ ಇದೆ. ಆದರೆ ವೈದ್ಯರು ಚೀಟಿಯಲ್ಲಿ ಬ್ರ್ಯಾಂಡ್ ಹೆಸರನ್ನೇ ಬರೆದಿದ್ದರೆ, ಸಾಲ್ಟ್ ಒಂದೇ ಆಗಿದ್ದರೂ ಅಂಗಡಿಯವರು ತಾವಾಗಿಯೇ ಬೇರೆ ಬ್ರ್ಯಾಂಡ್ ಕೊಡುವಂತಿಲ್ಲವೆಂದು ಔಷಧ ನಿಯಮಗಳು ಹೇಳುತ್ತವೆ. ಹಾಗಾಗಿ ಚೀಟಿ ಬರೆಸುವಾಗಲೇ ಸಾಲ್ಟಿನ ಹೆಸರಿನಲ್ಲಿ ಬರೆದುಕೊಡಿ ಎಂದು ಕೇಳಿಕೊಳ್ಳುವುದು ಜಾಣತನ. ನಿಷೇಧಿತ ಮಿಶ್ರಣವನ್ನು ಇನ್ನೂ ಮಾರುತ್ತಿರುವುದು ಕಂಡರೆ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳ ಕಚೇರಿಗೆ ತಿಳಿಸಬಹುದು.

ಮಕ್ಕಳ ವಿಷಯದಲ್ಲಿ ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವ ಪದ್ಧತಿ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಕೂಡಿದ ಶೀತದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂಬ ಎಚ್ಚರಿಕೆಯನ್ನು ಅದರ ಮೇಲೆ ಮುದ್ರಿಸಬೇಕೆಂದು 2023ರ ಡಿಸೆಂಬರ್‌ನಲ್ಲಿ ಭಾರತದ ಔಷಧ ಮಹಾನಿಯಂತ್ರಕರು ಆದೇಶಿಸಿದ್ದಾರೆ. ಹಳೆಯ ಬಾಟಲಿ ಮನೆಯಲ್ಲಿದ್ದರೆ ಅದನ್ನು ಬಳಸಬೇಡಿ. ಗರ್ಭಿಣಿಯರು, ಹಾಲೂಡಿಸುವವರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆಯಿರುವವರು ಈ ಬರಹದ ಆಧಾರದ ಮೇಲೆ ಆರಿಸಿಕೊಳ್ಳದೆ ವೈದ್ಯರಲ್ಲಿಗೇ ಹೋಗಬೇಕು.

ಹೊರದೇಶದಲ್ಲಿರುವವರಿಗೆ

ಊರಿನಿಂದ ಒಯ್ದ ಮಾತ್ರೆ ಮುಗಿದಾಗ ಅದೇ ಹೆಸರನ್ನು ಅಲ್ಲಿ ಕೇಳುವುದು ಅಪಾಯ. ಬೆನಡ್ರಿಲ್ ಎಂಬ ಹೆಸರನ್ನೇ ನೋಡಿ: ಅಮೆರಿಕದಲ್ಲಿ ಅಲರ್ಜಿಗೆಂದು ಆ ಹೆಸರಿನಲ್ಲಿ ಸಿಗುವುದು ನಿದ್ದೆ ತರಿಸುವ ಡೈಫೆನ್‌ಹೈಡ್ರಮಿನ್, ಬ್ರಿಟನ್ನಿನಲ್ಲಿ ಅದೇ ಹೆಸರಿನಡಿ ಅಕ್ರಿವಾಸ್ಟಿನ್ ಮತ್ತು ಸೆಟಿರಿಜಿನ್ ಸಿಗುತ್ತವೆ, ನಮ್ಮಲ್ಲಿ ಅದು ಕೆಮ್ಮಿನ ಸಿರಪ್ಪೆಂದೇ ಪರಿಚಿತ. ಅಮೆರಿಕದ ಪೊಟ್ಟಣಗಳ ಮೇಲೆ ಪ್ರತಿ ಸಾಲ್ಟಿನ ಎದುರಿಗೇ ಅದು ಯಾವ ಉದ್ದೇಶಕ್ಕೆ ಎಂದು ಮುದ್ರಿಸಿರುತ್ತಾರೆ. ನಮ್ಮ ಸ್ಟ್ರಿಪ್ಪುಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಸೂಡೊಎಫೆಡ್ರಿನ್ ಇರುವ ಮಾತ್ರೆಯನ್ನು ಕೌಂಟರಿನ ಹಿಂದೆ ಇಟ್ಟಿರುತ್ತಾರೆ, ಗುರುತಿನ ಚೀಟಿ ತೋರಿಸಿ ಕೊಳ್ಳಬೇಕಾಗುತ್ತದೆ.

ಬದಲಿಸುವ ಮೊದಲ ವಾರಗಳು

ವರ್ಷಗಟ್ಟಲೆ ದಿನವೂ ಸೆಟಿರಿಜಿನ್ ಅಥವಾ ಲೆವೊಸೆಟಿರಿಜಿನ್ ನುಂಗಿದವರು ಅದನ್ನು ಥಟ್ಟನೆ ನಿಲ್ಲಿಸಿದಾಗ, ಅಪರೂಪಕ್ಕೆ ಕೆಲವರಲ್ಲಿ, ಕೆಲವು ದಿನಗಳೊಳಗೆ ಮೈಯೆಲ್ಲ ವಿಪರೀತ ತುರಿಕೆ ಕಾಣಿಸಿಕೊಳ್ಳಬಹುದೆಂದು ಎಫ್‌ಡಿಎ 2025ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಹೊಸದಾಗಿ ಆರಂಭಿಸಿದ ಫೆಕ್ಸೊಫೆನಡಿನ್ ಮೇಲೆ ಆ ತುರಿಕೆಯ ಆರೋಪ ಹೊರಿಸುವುದು ಸುಲಭ. ಹಾಗಾದರೆ ವೈದ್ಯರಿಗೆ ತಿಳಿಸಿ. ಹಳೆಯದನ್ನು ಮತ್ತೆ ಹಿಡಿದಾಗ ಬಹಳ ಮಂದಿಗೆ ತುರಿಕೆ ನಿಂತಿದೆ, ಆಮೇಲೆ ಅದನ್ನು ಕ್ರಮೇಣ ಇಳಿಸಿದ್ದರಿಂದ ಕೆಲವರಿಗೆ ಗುಣವಾಗಿದೆ.

ಹೊಸ ಮಾತ್ರೆಯನ್ನು ರಜೆಯ ದಿನದ ರಾತ್ರಿ ಮೊದಲ ಸಲ ತೆಗೆದುಕೊಳ್ಳಿ. ಅದು ನಿಮ್ಮನ್ನು ಎಷ್ಟು ತೂಕಡಿಸುತ್ತದೆಂದು ತಿಳಿಯುವವರೆಗೆ ಗಾಡಿ ಓಡಿಸಬೇಡಿ, ಮದ್ಯ ಬೇಡ. ಒಮ್ಮೆಗೆ ಒಂದನ್ನೇ ಬದಲಿಸಿ. ಮಾತ್ರೆ, ಸ್ಪ್ರೇ, ಕಷಾಯ ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ಗೊತ್ತಾಗುವುದಿಲ್ಲ. ಅಡ್ಡಪರಿಣಾಮ ಕಂಡರೆ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ 1800-180-3024 ಸಂಖ್ಯೆಗೆ ಶುಲ್ಕವಿಲ್ಲದೆ ಕರೆ ಮಾಡಿ ಸಾಮಾನ್ಯರೂ ವರದಿ ಮಾಡಬಹುದು. ತುಟಿ, ನಾಲಿಗೆ, ಮುಖ ಊದಿಕೊಂಡು ಉಸಿರಾಟಕ್ಕೆ ಕಷ್ಟವಾದರೆ, ದದ್ದಿನ ಜೊತೆ ತಲೆಸುತ್ತಿ ಬಿದ್ದರೆ, ಯಾವ ಅಲರ್ಜಿ ಮಾತ್ರೆಯೂ ಅದಕ್ಕೆ ಮದ್ದಲ್ಲ. ಅಲ್ಲಿ ಬೇಕಾದದ್ದು ಅಡ್ರಿನಲಿನ್ ಚುಚ್ಚುಮದ್ದು. ತಡಮಾಡದೆ 108ಕ್ಕೆ ಕರೆ ಮಾಡಿ.

ಸರಿಯಾದ ಪ್ರಮಾಣದಲ್ಲಿ, ಸರಿಯಾದ ರೀತಿಯಲ್ಲಿ ಎರಡು ಬೇರೆ ಬೇರೆ ಆಂಟಿಹಿಸ್ಟಮಿನ್‌ಗಳನ್ನು ಒಂದಾದ ಮೇಲೊಂದರಂತೆ ಕೆಲವು ವಾರ ನೋಡಿದರೂ ಗುಣ ಕಾಣದಿದ್ದರೆ ಮೂರನೆಯದನ್ನು ಹುಡುಕುತ್ತಾ ಅಂಗಡಿ ಸುತ್ತಬೇಡಿ. ಮೂಗಿನ ಅಡ್ಡಗೋಡೆ ವಾಲಿರುವುದು, ಮೂಗಿನೊಳಗೆ ದುರ್ಮಾಂಸ, ಸೈನಸ್ ಸೋಂಕು, ಆಸ್ತಮಾ ಇವುಗಳಲ್ಲಿ ಯಾವುದಾದರೂ ಇರಬಹುದು. ಕಿವಿ-ಮೂಗು-ಗಂಟಲು ತಜ್ಞರು ಚರ್ಮದ ಮೇಲೆ ಅಲರ್ಜಿ ಪರೀಕ್ಷೆ ಮಾಡಬೇಕೆಂದರೆ, ಅದಕ್ಕೂ ಸುಮಾರು ಒಂದು ವಾರ ಮೊದಲೇ ಎಲ್ಲ ಆಂಟಿಹಿಸ್ಟಮಿನ್‌ಗಳನ್ನೂ ಅವರ ಸಲಹೆಯಂತೆ ನಿಲ್ಲಿಸಬೇಕಾಗುತ್ತದೆ. ರಾತ್ರಿಯ ಕೆಮ್ಮಿನ ಸಿರಪ್ಪಿನಲ್ಲಿ ಅಡಗಿರುವ ಕ್ಲೋರ್‌ಫೆನಿರಮಿನ್ ಕೂಡ ಅದರಲ್ಲಿ ಸೇರಿತು.